ತೊಂಡಿ ನಂಬರ್ ಹದಿನೇಳು

ತಲಪಾಡಿಯ ಆಚೆ ಇದನ್ನು ಮುದ್ದೆಮಾಲು ಅನ್ನುತ್ತಾರೆ,
ಈಚೆ ನಾವು ತೊಂಡಿ.
ಗೇಟು ದಾಟುವಾಗ ಸಿಕ್ಕಿಬಿದ್ದ ವಸ್ತುಗಳೆಲ್ಲ
ಕೊನೆಗೆ ಬರುವುದು ಕಾಸರಗೋಡಿನ ಈ ಕೋಣೆಗೆ, ನನ್ನ ಬೀಗದ ಕೈಯಡಿಗೆ:
ಬಾಯಿ ಮೊಂಡಾದ ಕತ್ತಿ, ಕೋಳಿಅಂಕದ ಬಾಳು,
ಮರಳು ಕದ್ದ ದೋಣಿಯ ಹುಟ್ಟು,
ಯಾರದೋ ಒಂಟಿ ಚಪ್ಪಲಿ.
ಮೇಲಿನ ಹಲಗೆಯಲ್ಲಿ, ಕತ್ತಿಗೆ ಅರಗು ಮೆತ್ತಿಸಿಕೊಂಡು
ಪಟ್ಟ ಕಳಕೊಂಡ ದೊರೆಯ ಹಾಗೆ ಕೂತದ್ದು
ಹದಿನೇಳು.

ಮಲಯಾಳದ ಮಹಜರನ್ನು ಆರೋಪಿಗಾಗಿ
ಕನ್ನಡಕ್ಕೆ ಇಳಿಸಿದವಳು ನಾನೇ:
‘ವಿದೇಶೀ ಮದ್ಯ, ಬಾಟಲಿ ಒಂದು, ಬಣ್ಣ ಚಹಾ.’
ಚಹಾ!
ಎಕ್ಸೈಸಿನ ಆ ಹುಡುಗನಿಗೆ ಬೇರೆ ಬಣ್ಣ ಹೊಳೆಯಲಿಲ್ಲ.
ಮೂರೂಕಾಲು ಗಂಟೆಗೆ ಪಡುವಣ ಕಿಟಕಿಯಿಂದ
ಬಿಸಿಲು ಒಂದು ಗೇಣು ಒಳಗೆ ಬರುತ್ತದೆ.
ಆಗ ನೋಡಬೇಕಿತ್ತು ಅವನು,
ಅಮ್ಮ ಅಡವಿಟ್ಟು ಬಿಡಿಸದೇ ಹೋದ ಬಳೆಯ ಬಣ್ಣ.

ಚೀಟಿಯ ಮೇಲೆ ಕೊಕ್ಕರೆ ಕತ್ತಿನ ತಾಮ್ರದ ಹಂಡೆ.
ಸ್ಕಾಟ್ಲೆಂಡಿನ ಯಾವುದೋ ದ್ವೀಪ,
ಇನ್ನೂರು ವರ್ಷ ಹಳೆಯ ಭಟ್ಟಿ,
ಇಪ್ಪತ್ತೈದು ವರ್ಷ ಪೀಪಾಯಿಯ ವಾಸ.
ಭಟ್ಟಿ ಎಂದರೆ ಮುಂದೊಂದು ‘ಕಳ್ಳ’ ಸೇರಿಸದೆ
ನಮಗೆ ಬಾಯಿ ತಿರುಗದು.

ಆರೋಪಿ ಕೊರಗಪ್ಪ ಬೆಳ್ಚಡ, ಬಂಬ್ರಾಣ,
ಬಾಡಿಗೆ ಜೀಪಿನ ಡ್ರೈವರ್.
ಸೀಟಿನಡಿ ಇಟ್ಟವರು ಯಾರು, ಹೇಳಲಿಲ್ಲ, ಕೊನೆಯವರೆಗೂ.
ವಾಯಿದೆಗೆ ಬಂದರೆ ನನ್ನ ಬಾಗಿಲ ಬೆಂಚೇ ಅವನಿಗೆ.
“ನನ್ನ ಅಪ್ಪನದ್ದು ಮೂರ್ತೆ ಕೆಲಸ, ಅಕ್ಕ.
ಬೆಳಿಗ್ಗೆ ಇಳಿಸಿದ ಕಳ್ಳು ಬೆಳಿಗ್ಗೆ ಸಿಹಿ,
ಮಧ್ಯಾಹ್ನ ಹುಳಿ, ಬೈಗಾದರೆ ಜಗಳ,
ಮರುದಿನ ಮೀನಿಗೂ ಬೇಡ.
ಇಪ್ಪತ್ತೈದು ವರ್ಷ ಕಾದು ಕೂತ ಕಳ್ಳೂ ಉಂಟಾ?
ಕಾದವನ ಮನೆಯಲ್ಲಿ ಅಷ್ಟು ವರ್ಷ
ಒಲೆ ಹೇಗೆ ಉರಿಯಿತು?”

ನನಗೇನು ಗೊತ್ತು. ಓದಿ ತಿಳಿದದ್ದು ಇಷ್ಟೇ:
ಮರದೊಳಗಿದ್ದಷ್ಟು ದಿನ ಮಾತ್ರ ಅದಕ್ಕೆ ವಯಸ್ಸು.
ಗಾಜಿಗೆ ಇಳಿದರೆ ಅಲ್ಲಿಗೆ ನಿಂತಿತು.
ಹನ್ನೆರಡು ವರ್ಷ ನನ್ನ ಹಲಗೆಯಲ್ಲಿದ್ದೂ
ಅದು ಇಪ್ಪತ್ತೈದೇ.
ಅಷ್ಟರಲ್ಲಿ ಐವರು ಮೆಜಿಸ್ಟ್ರೇಟರು ವರ್ಗವಾದರು,
ಒಂದನೇ ಸಾಕ್ಷಿ ತೀರಿಕೊಂಡ,
ಎರಡನೆಯವ ಹೇಳಿಕೆ ತಿರುಗಿಸಿದ,
ಕೊರಗಪ್ಪನ ಮೀಸೆ ನೆರೆಯಿತು,
ಜೀಪು ಗುಜರಿಗೆ ಹೋಯಿತು,
ನಾನು ಕನ್ನಡಕ ಎರಡು ಸಲ ಬದಲಿಸಿದೆ.

ಕೊನೆಯ ವಾಯಿದೆಗೆ ಬಾಟಲಿ ಮೇಜಿಗೆ ಬಂತು.
ಮುದ್ರೆ ಸರಿ. ಅರಗು ಸರಿ. ಸಹಿ ಸರಿ.
ಒಳಗಿನ ಮಟ್ಟ ಮಾತ್ರ ಅರ್ಧ ಬೆರಳು ಕೆಳಗೆ.
“ಜಲಜಾಕ್ಷೀ, ಕುಡಿದದ್ದು ಯಾರು?”
ಕೋರ್ಟು ನಕ್ಕಿತು. ನನಗೆ ಬೆನ್ನೆಲ್ಲ ಬೆವರು.
“ಬಿರಡೆಯೂ ಉಸಿರಾಡುತ್ತದಂತೆ, ಸಾರ್.
ಹೀಗೆ ಇಂಗಿ ಹೋಗುವ ಪಾಲು
ಅವರ ದೇಶದಲ್ಲಿ ದೇವದೂತರದ್ದಂತೆ.”
ಕೇಳದೆಯೇ ಕಟಕಟೆಯಿಂದ ಕೊರಗಪ್ಪ:
“ನಮ್ಮಲ್ಲಿ ಗುಳಿಗನದ್ದು.”
ಪಾಲಾಯಿಂದ ಬಂದ ಮೆಜಿಸ್ಟ್ರೇಟರು ನನ್ನ ಮುಖ ನೋಡಿದರು.
ಏನಂದ ಅವನು?
ಅನುವಾದಿಸಿದೆ:
ಆವಿಯಾಗಿದೆ, ಎನ್ನುತ್ತಾನೆ.
ದಾಖಲೆಯಲ್ಲಿ ಇವತ್ತಿಗೂ ಗುಳಿಗನ ಹೆಸರು ಆವಿ.

ಖುಲಾಸೆ. ತೊಂಡಿಯನ್ನು ನಾಶಪಡಿಸತಕ್ಕದ್ದು.

ಕೋರ್ಟಿನ ಹಿಂದೆ, ಗೇರುಮರದ ಬುಡದಲ್ಲಿ
ಅರಗು ಒಡೆದು ಬಗ್ಗಿಸಿದೆ.
ಗುಳುಗುಳು ಎನ್ನಲಿಲ್ಲ, ನಿಧಾನಕ್ಕೆ, ಹಿರಿಯರು ಎದ್ದು ಹೋಗುವಂತೆ.
ಮೊದಲು ಟಿಂಚರಿನ ವಾಸನೆ,
ಆಮೇಲೆ ಕರಟ ಸುಟ್ಟ ಹೊಗೆ,
ಆಮೇಲೆ ಮೊಗ್ರಾಲಿನ ಅಳಿವೆಯಲ್ಲಿ ಇಳಿತದ ಹೊತ್ತಿನ ಕೆಸರು.
ಅಷ್ಟು ದೂರದ ದ್ವೀಪಕ್ಕೆ ನಮ್ಮ ಅಳಿವೆ ಹೇಗೆ ಗೊತ್ತು?
ಇರುವೆಗಳು ಬಂದವು, ಯೋಚಿಸಿದವು, ಹಿಂದಿರುಗಿದವು.
ಬೇಲಿಯಾಚೆ ನಿಂತು ಕೊರಗಪ್ಪ ಕೇಳಿದ:
“ಹೇಗುಂಟು ಅಕ್ಕ?”
“ನಾನು ಕುಡಿಯುವುದಿಲ್ಲ ಮಾರಾಯ” ಅಂದೆ.
“ಕುಡಿದಿರಾ ಅಂತ ಕೇಳಿದ್ದಾ ನಾನು?”

ರಾತ್ರಿ ಗಂಜಿಗೆ ಕೂತಾಗ
ಬಲಗೈಯ ತೋರುಬೆರಳಲ್ಲಿ ಇನ್ನೂ ಆ ಹೊಗೆ.
ಉಪ್ಪಿನಕಾಯಿ ನೆಕ್ಕುವ ಬೆರಳು ಅದು.
ರಿಜಿಸ್ಟರಿನಲ್ಲಿ ಅದಕ್ಕೆ ಕಾಲಂ ಇಲ್ಲ.